ಸಹಾಯ ಬೇಕು: ಇದ್ದಲಿ ಗ್ರಿಲ್‌ಗೆ ಬೆಂಕಿ ಹ್ಯಾಂಗ ಹಚ್ಚಬೇಕ್ರಿ?

ಶರಣ್ರೀ ಎಲ್ಲರಿಗೂ. ಕಲಬುರಗಿಯೊಳಗ ನಮ್ಮ ಮನಿ ಮಾಳಿಗಿ ಮ್ಯಾಲ ಗ್ರಿಲ್ ಇಟ್ಟೀನಿ. ಹೋದ ರವಿವಾರ ಇದ್ದಲಿಗೆ ಘಾಸ್ಲೇಟ್ ಸುರಿದು ಹಚ್ಚಿದೆ. ಮ್ಯಾಲ ಭಗ್ ಅಂತ ಉರಿದು ಆರಿಹೋತು, ತಳದ ಇದ್ದಲಿ ಕರ್ರಗ ಹಂಗೇ ಉಳೀತು. ಕಬಾಬ್ ತುಂಬ ಎಣ್ಣಿ ವಾಸನಿ. ಅವ್ವ ಒಂದು ತುತ್ತು ಬಾಯಿಗಿಟ್ಟು ತಾಟು ಸರಿಸಿದಳು. ಭಾಳ ಬ್ಯಾಸರಾತು. ಇನ್ನ ಘಾಸ್ಲೇಟ್ ಮುಟ್ಟಲ್ಲ.

ಈಗ ಎರಡು ದಾರಿ ಅವ. ಎರಡೂ ಕಡಿ ಕತ್ತರಿಸಿದ ತಗಡಿನ ಡಬ್ಬಿಗೆ ಬುಡದ ಸುತ್ತ ಬದಿಗೆ ತೂತು ಹೊಡೆದು, ಕೆಳಗ ಕಾಗದ, ಮ್ಯಾಲ ಇದ್ದಲಿ ತುಂಬೋದು. ಗಾಳಿ ಕೆಳಗಿಂದ ಎಳಕೊಂಡು 15-20 ನಿಮಿಷದಾಗ ಇದ್ದಲಿ ಮ್ಯಾಲ ಬೂದಿ ಕೂಡ್ತದ. ಇಲ್ಲಾ, ಒಣ ತೊಗರಿ ಕಟ್ಟಿಗಿ ಕೆಳಗ ಒಟ್ಟಿ ಹಚ್ಚೋದು. ಅದು ಲಗೂನ ಹತ್ತತದ, ಆದ್ರ ಇದ್ದಲಿ ಕಾವು ಹಿಡಿಯೋತನಕ ಉಳೀತದೇನ್ರಿ? ಬಣ್ಣ ಬಳಿದ ಡಬ್ಬಿ ನಡೀತದೇನು? ಮಾಡಿ ನೋಡಿದವರು ಹೇಳ್ರಿ, ಈ ರವಿವಾರ ಅವ್ವಗ ಮತ್ತ ಮಾಡಿ ಕೊಡಬೇಕು.