ಅವಳ ಥೈರಾಯ್ಡ್ ವಿಷಯ ಗುಂಪಿಗೆ ಯಾಕೆ?

ಚಿಕ್ಕಪ್ಪ: *ಎಚ್ಚರಿಕೆ!! ಇಎಸ್‌ಐ (ಕಾರ್ಮಿಕರ ಸರ್ಕಾರಿ ವಿಮೆ) ಮಾಡಿಸಿದರೆ ನಿಮ್ಮ ಕಾಯಿಲೆಗಳ ವಿವರ ಎಲ್ಲ ಮಾಲೀಕರ ಕಂಪ್ಯೂಟರ್‌ಗೆ ಹೋಗುತ್ತದೆ. ಬೇಡ ಅಂತ ಬರೆದುಕೊಡಿ. ಎಲ್ಲರಿಗೂ ಕಳಿಸಿ!!*

ಚಿಕ್ಕಪ್ಪ: ಪುಟ್ಟಿ, ನೋಡಿದೆಯಾ? ಸೋಮವಾರ ಗಾರ್ಮೆಂಟ್ಸ್‌ಗೆ ಸೇರುವಾಗ ಇದಕ್ಕೆ ಸಹಿ ಹಾಕಬೇಡ. ನಿನಗೆ ಥೈರಾಯ್ಡ್ ಇದೆ ಅಂತ ಅವರಿಗೆ ಯಾಕೆ ಗೊತ್ತಾಗಬೇಕು?

ಅತ್ತೆ: ಅದನ್ನು ಈಗ ನೀನೇ ಗುಂಪಿನ ಮೂವತ್ತೆಂಟು ಜನಕ್ಕೆ ಹೇಳಿದೆಯಲ್ಲೋ! ಮೊದಲು ಆ ಮೆಸೇಜ್ ಅಳಿಸು.

ಚಿಕ್ಕಪ್ಪ: ಎಲ್ಲರೂ ಮನೆಯವರೇ ಅಲ್ವಾ ಅಕ್ಕ.

ಅತ್ತೆ: ಮನೆಯವರಾದರೂ ಹೇಳಬೇಕಾದವಳು ಅವಳು. ಇನ್ನು, ಬೇಡ ಅಂತ ಬರೆದುಕೊಡಲು ಆಗುವುದಿಲ್ಲ. ಇಎಸ್‌ಐ ಇರುವ ಫ್ಯಾಕ್ಟರಿಯಲ್ಲಿ ಸಂಬಳ 21,000 ದಾಟದವರಿಗೆ ಅದು ಕಡ್ಡಾಯ. ಇವಳಿಗೆ 16,000. ಇವಳ ಸಂಬಳದಲ್ಲಿ ಹಿಡಿಯುವುದು ಶೇ 0.75, ಅಂದರೆ 120 ರೂಪಾಯಿ. ಕಂಪನಿ ಕಟ್ಟುವುದು ಶೇ 3.25, ಅಂದರೆ 520. ಸೇರುವಾಗ ಏನು ಕಾಯಿಲೆ ಅಂತ ಕೇಳುವುದೂ ಇಲ್ಲ.

ಚಿಕ್ಕಪ್ಪ: ಆಧಾರ್ ಕೊಡಬೇಕಲ್ಲ? ಅದರಲ್ಲಿ ಎಲ್ಲ ಸಿಗುತ್ತದಂತೆ.

ಅತ್ತೆ: ಆಧಾರ್‌ನಲ್ಲಿ ಹೆಸರು, ವಿಳಾಸ, ಬೆರಳಚ್ಚು, ಕಣ್ಣಿನ ಗುರುತು ಇರುತ್ತವೆ. ಡಾಕ್ಟರ್ ಚೀಟಿ ಇರುವುದಿಲ್ಲ. ಸುಮ್ನೆ ಹೆದರಿಸಬೇಡ.

ಪುಟ್ಟಿ: ಅತ್ತೆ, ಹುಷಾರಿಲ್ಲ ಅಂತ ರಜೆ ಹಾಕಿದರೆ ಗೊತ್ತಾಗುತ್ತೆ ಅಲ್ವಾ?

ಅತ್ತೆ: ಕೇಳಬೇಕಾದ ಪ್ರಶ್ನೆ ಇದು ಮಗಳೇ. ನನಗೆ ಗರ್ಭಕೋಶದ ಆಪರೇಷನ್ ಆದಾಗ ಸರ್ಟಿಫಿಕೇಟನ್ನು ಸೂಪರ್‌ವೈಸರ್ ಕೈಗೆ ಕೊಟ್ಟೆ. ಸಂಜೆ ಹೊತ್ತಿಗೆ ಇಡೀ ಲೈನ್‌ಗೆ ಗೊತ್ತಾಗಿತ್ತು. ಊಟದ ಹೊತ್ತಲ್ಲಿ ಎಲ್ಲರೂ ಅದನ್ನೇ ಕೇಳೋರು. ಆ ಸಂಕಟ ಇವತ್ತಿಗೂ ಹೋಗಿಲ್ಲ. ರೋಗಿಯ ಗುಟ್ಟನ್ನು ಡಾಕ್ಟರ್ ಬಿಟ್ಟುಕೊಡಬಾರದು ಅಂತ 2002ರ ವೈದ್ಯಕೀಯ ಪರಿಷತ್ತಿನ ನಿಯಮ ಇದೆ. ಸೂಪರ್‌ವೈಸರ್ ಬಾಯಿಗೆ ಯಾವ ನಿಯಮ? ನೀನು ಚೀಟಿಯನ್ನು ಕವರ್‌ಗೆ ಹಾಕಿ, ಅಂಟಿಸಿ, ಎಚ್‌ಆರ್‌ಗೇ ಕೊಡು. ರಜೆ ಹಾಕಲು ಮಾತ್ರ ಹಿಂಜರಿಯಬೇಡ. ದುಡಿದು ಇಷ್ಟು ದಿನ ಅಂತ ಆದ ಮೇಲೆ, ಕಾಯಿಲೆ ರಜೆಗೆ ಸಂಬಳದ ಶೇ 70ರಷ್ಟು ಇಎಸ್‌ಐ ಕೊಡುತ್ತದೆ, ವರ್ಷಕ್ಕೆ 91 ದಿನದವರೆಗೆ.

ಚಿಕ್ಕಪ್ಪ: ಅಳಿಸಿದೆ ಅಕ್ಕ. ಆದರೂ ಖಾಸಗಿ ವಿಮೆ ಮಾಡಿಸಿದರೆ ಗುಟ್ಟು ಉಳಿಯುತ್ತೆ ಅನ್ನಿಸುತ್ತೆ.

ಅತ್ತೆ: ಅಲ್ಲಿ ಥೈರಾಯ್ಡ್ ಇದೆ ಅಂತ ಬರೆಯಲೇಬೇಕು ಕಣೋ. ಮುಚ್ಚಿಟ್ಟರೆ ಆಮೇಲೆ ಕ್ಲೇಮ್ ಕೊಡದೇ ಇರಬಹುದು. ಬರೆದರೂ ಹಳೇ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಿಸಬಹುದು.

ಪುಟ್ಟಿ: ಅತ್ತೆ, ಸೇರುವ ಫಾರಂ ಫೋಟೊ ನಿಮಗೊಬ್ಬರಿಗೇ ಕಳಿಸಿದ್ದೇನೆ. ಗುಂಪಿಗೆ ಹಾಕಿಲ್ಲ.

ಅತ್ತೆ: ನೋಡಿದೆ. ಫೋನ್ ಮಾಡುತ್ತೇನೆ ಇರು.