ತೋಳದ ವೇಷಕ್ಕೆ ತುಪ್ಪಳದ ಶೂ ಕವರ್: ಅಳತೆ, ಹೊಲಿಗೆ, ಅಟ್ಟೆಯ ಬಗ್ಗೆ ಸಲಹೆ ಬೇಕು

ಪ್ರಶ್ನೆ (ಬೂದುತೋಳ):

ಎಲ್ಲರಿಗೂ ನಮಸ್ಕಾರ. ಕಾಸ್ಪ್ಲೇಗಾಗಿ (ಇಷ್ಟದ ಪಾತ್ರದ ವೇಷ ತೊಡುವ ಹವ್ಯಾಸ) ಎರಡು ಕಾಲಿನ ಮೇಲೆ ನಡೆಯುವ ತೋಳದ ಪಾತ್ರವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ತಲೆ, ಬಾಲ ಮತ್ತು ಕೈಗವಸುಗಳ ಕೆಲಸ ಮುಗಿದಿದ್ದು ಈಗ ಪಾದಗಳು ಮಾತ್ರ ಉಳಿದಿವೆ. ನಾನು ದಿನವೂ ಹಾಕಿಕೊಳ್ಳುವ ಕ್ರೀಡಾ ಶೂಗಳ ಮೇಲೆಯೇ ತೊಡಿಸಿ, ಕಾರ್ಯಕ್ರಮ ಮುಗಿದ ಮೇಲೆ ತೆಗೆದಿಡಬಹುದಾದ ಕವರ್‌ಗಳನ್ನು ಹೊಲಿಯಬೇಕೆಂದಿದ್ದೇನೆ. ಆದ್ದರಿಂದ ಶೂವಿಗೆ ಅಂಟು ತಗಲುವಂತಿಲ್ಲ.

ನನ್ನ ಬಳಿ ಇರುವುದು ಸುಮಾರು 5 ಸೆಂ.ಮೀ. ಉದ್ದದ ರೋಮವಿರುವ ಬೂದು ಬಣ್ಣದ ಕೃತಕ ಫರ್ ಬಟ್ಟೆ. ಶೂವಿನಂತಹ ವಕ್ರವಾದ ವಸ್ತುವಿನ ಅಳತೆಯನ್ನು ಬಟ್ಟೆಗೆ ಹೇಗೆ ಇಳಿಸಿಕೊಳ್ಳಬೇಕು? ಪಾದದ ತುದಿ ಚಪ್ಪಟೆಯಾಗಿ ಕಾಣದೆ ಪ್ರಾಣಿಯ ಬೆರಳುಗಳಂತೆ ಉಬ್ಬಿ ಕಾಣಬೇಕಾದರೆ ಒಳಗೆ ಏನನ್ನು ತುಂಬಬೇಕು? ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡುತ್ತಿರುವುದು ಕೆಳಭಾಗ. ದಿನವಿಡೀ ನುಣುಪಾದ ನೆಲದ ಮೇಲೆ ನಡೆಯಬೇಕು, ಮೆಟ್ಟಿಲುಗಳನ್ನೂ ಹತ್ತಿ ಇಳಿಯಬೇಕು, ಜಾರಬಾರದು. ಈ ಕೆಲಸ ಮಾಡಿ ಬಲ್ಲವರು ದಯವಿಟ್ಟು ವಿವರವಾಗಿ ತಿಳಿಸಿ.

ಉತ್ತರ 1 (ಸೂಜಿದಾರ):

ನಮಸ್ಕಾರ. ಅಳತೆ ಮತ್ತು ಹೊಲಿಗೆಯ ಬಗ್ಗೆ ನಾನು ಬರೆಯುತ್ತೇನೆ. ಫೋಮ್ ಮತ್ತು ಅಟ್ಟೆಯ ಬಗ್ಗೆ ನನಗಿಂತ ಚೆನ್ನಾಗಿ ಬಲ್ಲವರು ಇಲ್ಲಿದ್ದಾರೆ.

ಅಳತೆಗೆ ಟೇಪಿನ ವಿಧಾನವೇ ಉತ್ತಮ. ಶೂವನ್ನು ಕಾಲಿಗೆ ಹಾಕಿಕೊಂಡು, ಅಡುಗೆಮನೆಯಲ್ಲಿ ಪಾತ್ರೆ ಮುಚ್ಚಲು ಬಳಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಕಣಕಾಲಿನ ಮೇಲಿನವರೆಗೂ ಸುತ್ತಿ, ಅದರ ಮೇಲೆ ಡಕ್ಟ್ ಟೇಪನ್ನು (ಗಟ್ಟಿಯಾದ ಅಗಲ ಅಂಟುಪಟ್ಟಿ) ಚಿಕ್ಕ ಚಿಕ್ಕ ತುಂಡುಗಳಾಗಿ ಎರಡು ಪದರ ಅಂಟಿಸಿ. ಉದ್ದನೆಯ ಪಟ್ಟಿಗಳನ್ನು ಬಳಸಿದರೆ ವಕ್ರವಿರುವಲ್ಲಿ ನೆರಿಗೆ ಬಿದ್ದು ಅಳತೆ ತಪ್ಪುತ್ತದೆ. ಬೆರಳುಗಳಿಗೆ ಫೋಮ್ ಇಡುವುದಾದರೆ ಅದನ್ನು ಮೊದಲು ಇಟ್ಟು, ಅದರ ಮೇಲೆಯೇ ಟೇಪ್ ಸುತ್ತಬೇಕು. ಇಲ್ಲದಿದ್ದರೆ ಕೊನೆಯಲ್ಲಿ ಕವರ್ ಬಿಗಿಯಾಗಿ ಮುಂಭಾಗ ಮೇಲಕ್ಕೆ ಎಳೆದುಕೊಳ್ಳುತ್ತದೆ.

ನಂತರ ಮಾರ್ಕರ್‌ನಿಂದ ಮೂರು ಗೆರೆಗಳನ್ನು ಎಳೆಯಿರಿ: ಕಣಕಾಲಿನಿಂದ ಹೆಬ್ಬೆರಳಿನ ತುದಿಯವರೆಗೆ ಮೇಲ್ಭಾಗದ ನಡುಗೆರೆ, ಹಿಮ್ಮಡಿಯ ಹಿಂದಿನ ನೇರ ಗೆರೆ, ಮತ್ತು ಶೂವಿನ ಅಟ್ಟೆ ಮೇಲ್ಭಾಗವನ್ನು ಕೂಡುವಲ್ಲಿ ಸುತ್ತಲೂ ಒಂದು ಗೆರೆ. ಗೆರೆಗಳ ಮೇಲೆ ಕತ್ತರಿಸುವ ಮೊದಲು ಪ್ರತಿ ತುಂಡಿನ ಮೇಲೂ ರೋಮ ಯಾವ ದಿಕ್ಕಿಗೆ ಮಲಗಬೇಕೆಂದು ಬಾಣದ ಗುರುತು ಹಾಕಲೇಬೇಕು. ಮೇಲ್ಭಾಗದಲ್ಲಿ ಬಾಣ ಕಣಕಾಲಿನಿಂದ ಬೆರಳಿನ ಕಡೆಗಿರಲಿ, ಹಿಮ್ಮಡಿಯಲ್ಲಿ ಮೇಲಿನಿಂದ ಕೆಳಕ್ಕಿರಲಿ. ಬಾಣ ತಪ್ಪಿದ ಒಂದು ತುಂಡು ಸೇರಿಕೊಂಡರೂ ಸಾಕು, ಬೆಳಕು ಬಿದ್ದಾಗ ಅದು ಬೇರೆಯೇ ಬಣ್ಣದ ಬಟ್ಟೆಯಂತೆ ಎದ್ದು ಕಾಣುತ್ತದೆ. ಕತ್ತರಿಸಿದ ಟೇಪನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಹರಡಿದಾಗ ಎಲ್ಲಿ ಏಳುತ್ತದೆಯೋ ಅಲ್ಲಿ ಅಂಚಿನಿಂದ ಸಣ್ಣ ಸೀಳು ಕೊಟ್ಟು ಮಲಗಿಸಿ, ಕಾಗದಕ್ಕೆ ನಕಲು ಮಾಡಿಕೊಳ್ಳಿ. ಒಂದು ಕಾಲಿನ ನಕ್ಷೆಯನ್ನು ಮಗುಚಿದರೆ ಇನ್ನೊಂದು ಕಾಲಿನದಾಗುತ್ತದೆ, ಆದರೆ ಮಗುಚಿದ ಮೇಲೂ ಬಾಣ ಬಟ್ಟೆಯ ರೋಮದ ದಿಕ್ಕಿಗೇ ಇರುವಂತೆ ನೋಡಿಕೊಳ್ಳಿ.

ಫರ್ ಬಟ್ಟೆಯನ್ನು ಕತ್ತರಿಯಿಂದ ಸಾಮಾನ್ಯ ಬಟ್ಟೆಯಂತೆ ಕತ್ತರಿಸಬೇಡಿ. ಬಟ್ಟೆಯನ್ನು ಬೋರಲು ಹಾಕಿ, ನಕ್ಷೆಯನ್ನು ಹಿಂಬದಿಯ ನೇಯ್ಗೆಯ ಮೇಲೆ ಬರೆದು, ಚೂಪಾದ ಬ್ಲೇಡಿನ ಮೂಲೆಯಿಂದ ಆ ನೇಯ್ಗೆಯನ್ನಷ್ಟೇ ಮೆಲ್ಲಗೆ ಗೀರುತ್ತಾ ಹೋಗಿ. ಇನ್ನೊಂದು ಕೈಯಿಂದ ಬಟ್ಟೆಯನ್ನು ಮೇಜಿನಿಂದ ಸ್ವಲ್ಪ ಎತ್ತಿ ಹಿಡಿದಿದ್ದರೆ, ಬ್ಲೇಡು ಮುಂದುವರಿದಂತೆಲ್ಲ ಗೀರು ತಾನಾಗಿ ಬಾಯಿ ಬಿಡುತ್ತದೆ ಮತ್ತು ಅಡಿಯ ರೋಮಗಳು ಕತ್ತರಿಸಿಕೊಳ್ಳದೆ ಎರಡೂ ಕಡೆಗೆ ಬೇರೆಯಾಗುತ್ತವೆ. ಹೀಗೆ ಉಳಿಸಿಕೊಂಡ ಪೂರ್ಣ ಉದ್ದದ ರೋಮವೇ ಮುಂದೆ ಹೊಲಿಗೆಯನ್ನು ಮರೆಮಾಡುತ್ತದೆ. ಇಷ್ಟಾದರೂ ಒಂದಷ್ಟು ಎಳೆಗಳು ಗಾಳಿಯಲ್ಲಿ ಹಾರುತ್ತವೆ, ಆದ್ದರಿಂದ ಮೂಗು ಬಾಯಿಗೆ ಮಾಸ್ಕ್ ಇರಲಿ.

ಹೊಲಿಗೆಗೆ ಅಂಚು 6 ಮಿ.ಮೀ. ಬಿಟ್ಟರೆ ಸಾಕು. ಎರಡು ತುಂಡುಗಳನ್ನು ರೋಮ ಒಳಮುಖವಾಗಿರುವಂತೆ ಜೋಡಿಸಿ, ಅಂಚಿನಿಂದ ಹೊರಗೆ ಇಣುಕುವ ರೋಮವನ್ನೆಲ್ಲ ಬೆರಳಿನಿಂದ ಒಳಕ್ಕೆ ತಳ್ಳುತ್ತಾ, ಹತ್ತಿರ ಹತ್ತಿರ ಪಿನ್ನು ಚುಚ್ಚಿ. ಯಂತ್ರದಲ್ಲಾದರೆ 100 ಸಂಖ್ಯೆಯ ಸೂಜಿ, ಪಾಲಿಯೆಸ್ಟರ್ ದಾರ, 4 ಮಿ.ಮೀ. ಉದ್ದದ ಸಡಿಲವಾದ ಅಂಕುಡೊಂಕು ಹೊಲಿಗೆ ಸರಿಹೋಗುತ್ತದೆ. ಆದರೆ ಶೂ ಕವರ್‌ನಷ್ಟು ಚಿಕ್ಕದಾದ, ತಿರುವುಗಳೇ ತುಂಬಿರುವ ವಸ್ತುವಿಗೆ ಜೋಡಿ ದಾರದಿಂದ ಎರಡೂ ಅಂಚುಗಳನ್ನು ಸುತ್ತಿಕೊಂಡು ಹೋಗುವ ಕೈಹೊಲಿಗೆಯನ್ನೇ ನಾನು ಶಿಫಾರಸು ಮಾಡುತ್ತೇನೆ. ಮುಗಿದ ಮೇಲೆ ಮಗುಚಿ, ಹೊಲಿಗೆಯಲ್ಲಿ ಸಿಕ್ಕಿಕೊಂಡ ರೋಮಗಳನ್ನು ದಪ್ಪ ಸೂಜಿಯ ಮೊನೆಯಿಂದ ಒಂದೊಂದೇ ಕುಚ್ಚಾಗಿ ಹೊರಗೆಳೆದು, ಸಾಕುಪ್ರಾಣಿಗಳಿಗೆ ಬಳಸುವ ತಂತಿಹಲ್ಲಿನ ಬ್ರಷ್‌ನಿಂದ ಬಾಚಿ. ಹೊಲಿಗೆ ಎಲ್ಲಿತ್ತೆಂದು ನಿಮಗೇ ಹುಡುಕಬೇಕಾಗುತ್ತದೆ.

ಉತ್ತರ 2 (ಫೋಮಿನ ಕೆಲಸ):

ಮೇಲಿನ ಉತ್ತರಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಶೂವಿಗೆ ಅಂಟು ತಗಲಬಾರದು ಎಂಬ ನಿಮ್ಮ ಷರತ್ತಿಗೆ ಒಂದು ಉಪಾಯವಿದೆ: ಮೊದಲು ಗಟ್ಟಿಯಾದ ಹತ್ತಿ ಬಟ್ಟೆಯಿಂದ, ಅದೇ ನಕ್ಷೆಯನ್ನು ಬಳಸಿ ಒಂದು ಒಳಕವಚ ಹೊಲಿಯಿರಿ. ಫೋಮನ್ನು ಈ ಒಳಕವಚಕ್ಕೆ ಅಂಟಿಸಿ, ಅದರ ಮೇಲೆ ಟೇಪ್ ಸುತ್ತಿ ಫರ್‌ನ ಅಳತೆಯನ್ನು ಮತ್ತೊಮ್ಮೆ ತೆಗೆಯಿರಿ. ಕೆಲಸ ಒಂದಿಷ್ಟು ಹೆಚ್ಚುತ್ತದೆ ನಿಜ, ಆದರೆ ಶೂ ಶುದ್ಧವಾಗಿ ಉಳಿಯುತ್ತದೆ ಮತ್ತು ಫರ್ ಬಟ್ಟೆ ಎಳೆತಕ್ಕೆ ಸಿಕ್ಕಿ ಹಿಗ್ಗುವುದಿಲ್ಲ.

ತೋಳದ ಹಿಂಗಾಲಿನಲ್ಲಿ ನಾಲ್ಕೇ ಬೆರಳುಗಳಿರುತ್ತವೆ; ನಡುವಿನ ಎರಡು ಮುಂದಕ್ಕೆ ಚಾಚಿರುತ್ತವೆ, ಅಕ್ಕಪಕ್ಕದವು ಸ್ವಲ್ಪ ಹಿಂದೆ ನಿಲ್ಲುತ್ತವೆ. ಈ ಏರುಪೇರನ್ನು ಪಾಲಿಸದೆ ನಾಲ್ಕನ್ನೂ ಒಂದೇ ಸಾಲಿನಲ್ಲಿಟ್ಟರೆ ನೋಡುವವರಿಗೆ ಕಾರಣ ತಿಳಿಯದಿದ್ದರೂ ಪಾದ ಬೊಂಬೆಯದೆಂದು ಅನಿಸುತ್ತದೆ. ಸೋಫಾದಲ್ಲಿ ಬಳಸುವ 2.5 ಸೆಂ.ಮೀ. ದಪ್ಪದ ಮೃದು ಫೋಮನ್ನು ಪದರ ಪದರವಾಗಿ ಅಂಟಿಸಿ, ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತಾ ದುಂಡಾಗಿಸಿ. ನೀವು ಬಯಸುವ ಅಂತಿಮ ಆಕಾರಕ್ಕಿಂತ ಫೋಮ್ ಸಣ್ಣದಾಗಿಯೇ ಇರಬೇಕು, ಏಕೆಂದರೆ ನಿಮ್ಮ ಉದ್ದ ರೋಮ ಸುತ್ತಲೂ ಗಾತ್ರವನ್ನು ಹೆಚ್ಚಿಸುತ್ತದೆ. ಶೂವಿನ ತುದಿಯಿಂದ 2–3 ಸೆಂ.ಮೀ.ಗಿಂತ ಹೆಚ್ಚು ಮುಂದಕ್ಕೆ ಚಾಚಿಸಬೇಡಿ. ಮೆಟ್ಟಿಲು ಹತ್ತುವಾಗ ತಡವರಿಸುವಂತೆ ಮಾಡುವುದು ಈ ಭಾಗವೇ, ಅದರಲ್ಲೂ ತೋಳದ ತಲೆ ಹಾಕಿಕೊಂಡಿರುವಾಗ ನಿಮ್ಮ ಪಾದ ನಿಮಗೇ ಕಾಣುವುದಿಲ್ಲ.

ಫರ್ ಹೊದಿಸಿದ ಮೇಲೆ ಬೆರಳುಗಳ ನಡುವಿನ ತಗ್ಗಿನಲ್ಲಿ ಉದ್ದ ಸೂಜಿಯಿಂದ ಮೇಲಿನಿಂದ ಒಳಕವಚದವರೆಗೂ ದಾರವನ್ನು ಹಾಯಿಸಿ ಬಿಗಿದು ಗಂಟು ಹಾಕಿ. ಬಳಿಕ ಆ ತಗ್ಗಿನ ರೋಮವನ್ನು ಟ್ರಿಮ್ಮರ್‌ನಿಂದ ಸುಮಾರು 1 ಸೆಂ.ಮೀ.ಗೆ ಇಳಿಸಿದರೆ ಬೆರಳುಗಳು ಬೇರೆ ಬೇರೆಯಾಗಿ ಮೂಡುತ್ತವೆ. ಟ್ರಿಮ್ಮರ್‌ಗೆ ಅತಿ ಉದ್ದದ ಬಾಚಣಿಗೆಯನ್ನು ಜೋಡಿಸಿಯೇ ಆರಂಭಿಸಿ. ಒಮ್ಮೆ ಬೋಳಾದ ಜಾಗ ಮತ್ತೆ ತುಂಬುವುದಿಲ್ಲ.

ಇನ್ನು ಕೆಳಭಾಗ. ಬಹಳ ಮಂದಿ ಹಳೆಯ ಶೂ ತೆಗೆದುಕೊಂಡು, ಅಟ್ಟೆಯ ಕೆಳಗೆ ಈವಿಎ ಫೋಮ್ (ಚಪ್ಪಲಿಗಳಲ್ಲಿ ಬಳಸುವ ಹಗುರವಾದ ಗಟ್ಟಿ ಫೋಮ್) ಮತ್ತು ರಬ್ಬರ್ ಹಾಳೆಯನ್ನು ಕಾಂಟ್ಯಾಕ್ಟ್ ಅಂಟಿನಿಂದ (ಎರಡೂ ಮೈಗೆ ಹಚ್ಚಿ ಒತ್ತುವ ಅಂಟು) ಕೂಡಿಸಿ ಪೂರ್ತಿ ಹೊಸ ಪಾದವನ್ನೇ ಮಾಡುತ್ತಾರೆ. ಹೊರಾಂಗಣದ ಬಳಕೆಗೆ ಅದೇ ಬಾಳಿಕೆ ಬರುವ ದಾರಿ. ನಿಮ್ಮ ಅಗತ್ಯಕ್ಕೆ ಮಾತ್ರ ಶೂವಿನ ಸ್ವಂತ ಅಟ್ಟೆ ನೆಲಕ್ಕೆ ತಗಲುವಂತೆ ಬಿಡುವುದೇ ಸರಿಯೆಂದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಜಾರದಂತೆ ಹಿಡಿಯಲೆಂದೇ ತಯಾರಾದ ಅಟ್ಟೆ ಅದು. ಕವರ್‌ನ ಕೆಳ ಅಂಚನ್ನು ಅಟ್ಟೆಯ ಮೇಲಂಚಿಗೇ ನಿಲ್ಲಿಸಿ. ಹಿಮ್ಮಡಿಗೂ ಮುಂಗಾಲಿಗೂ ನಡುವೆ ನೆಲಕ್ಕೆ ತಾಗದ ಟೊಳ್ಳು ಜಾಗದಲ್ಲಿ 4 ಸೆಂ.ಮೀ. ಅಗಲದ ಎಲಾಸ್ಟಿಕ್ ಪಟ್ಟಿಯನ್ನು ಅಡ್ಡಲಾಗಿ ಹೊಲಿಯಿರಿ. ಬೆರಳಿನ ಕಡೆ ಕವರ್ ಮೇಲಕ್ಕೇಳದಿರಲು, ಗೀರುಗಳಿರುವ 2 ಮಿ.ಮೀ. ರಬ್ಬರ್ ಹಾಳೆಯನ್ನು ಅರ್ಧಚಂದ್ರಾಕಾರವಾಗಿ ಕತ್ತರಿಸಿ, ಶೂವಿನ ತುದಿ ಒಳಗೆ ತೂರುವಂತೆ ಒಳಕವಚಕ್ಕೆ ಜೇಬಿನ ಹಾಗೆ ಹೊಲಿಯಿರಿ. ಅಟ್ಟೆಯ ಕೆಳಗೆ ಜೋತುಬೀಳುವ ರೋಮವನ್ನು ಒಂದಿಷ್ಟೂ ಉಳಿಸಬೇಡಿ: ಅದರ ಮೇಲೆ ಕಾಲಿಟ್ಟರೆ ಜಾರುವುದು ಖಂಡಿತ.

ಉತ್ತರ 3 (ಬಾಲವಾಡಿ):

ಒಂದೆರಡು ಮಾತು ಸೇರಿಸುತ್ತೇನೆ. ಬಿಸಿ ಅಂಟಿನ ಗನ್ನನ್ನು ಪಾದದ ಕೆಲಸಕ್ಕೆ ನಂಬಬೇಡಿ. ಆ ಅಂಟು ಆರಿದ ಮೇಲೆ ಪೆಡಸಾಗುತ್ತದೆ, ಪ್ರತಿ ಹೆಜ್ಜೆಗೂ ಮಡಚಿಕೊಳ್ಳುವ ಮುಂಗಾಲಿನ ಬಳಿ ಕಿತ್ತು ಬರುತ್ತದೆ, ಬಿಸಿಲಿನಲ್ಲಿ ನಿಲ್ಲಿಸಿದ ವಾಹನದೊಳಗೆ ಮೆತ್ತಗೂ ಆಗುತ್ತದೆ. ಫೋಮಿಗೆ ಕಾಂಟ್ಯಾಕ್ಟ್ ಅಂಟನ್ನು ಎರಡೂ ಮೈಗೆ ತೆಳುವಾಗಿ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಬೇಕು. ಕಿಟಕಿ ಬಾಗಿಲು ತೆರೆದಿರಲಿ, ಹತ್ತಿರ ಬೆಂಕಿ ಬೇಡ.

ಕೃತಕ ಫರ್ ಸಾಮಾನ್ಯವಾಗಿ ಅಕ್ರಿಲಿಕ್ ಎಳೆಯಿಂದಾದದ್ದು, ಕಾವು ತಗಲಿದರೆ ತುದಿ ಸುರುಟಿಕೊಂಡು ಮತ್ತೆಂದೂ ನೇರವಾಗುವುದಿಲ್ಲ. ಇಸ್ತ್ರಿ, ಬಿಸಿ ನೀರು, ಬಿಸಿ ಗಾಳಿ ಯಾವುದೂ ಬೇಡ. ತಣ್ಣೀರಿನಲ್ಲಿ ಮೃದುವಾದ ಸೋಪಿನಿಂದ ಕೈಯಲ್ಲೇ ತೊಳೆದು, ಹಿಂಡದೆ ದಪ್ಪ ಟವೆಲಿನಲ್ಲಿ ಒತ್ತಿ, ನೆರಳಿನಲ್ಲಿ ತೂಗುಹಾಕಿ. ಫೋಮ್ ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಒಳಗೂ ಗಾಳಿ ಆಡುವಂತೆ ಬಾಯಿ ಅಗಲಿಸಿಟ್ಟು ಒಣಗಿಸಬೇಕು, ಇಲ್ಲದಿದ್ದರೆ ಮುಗ್ಗು ವಾಸನೆ ಸೇರಿಕೊಳ್ಳುತ್ತದೆ.

ಪ್ರಶ್ನಿಸಿದವರ ಮರುಪ್ರಶ್ನೆ (ಬೂದುತೋಳ):

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಳಕವಚದ ಉಪಾಯ ನನಗೆ ಹೊಳೆದೇ ಇರಲಿಲ್ಲ, ಹಾಗೆಯೇ ಮಾಡುತ್ತೇನೆ. ಇನ್ನೆರಡು ಸಂದೇಹಗಳಿವೆ. ಹಿಮ್ಮಡಿಯ ಹಿಂದೆ ತೆರೆಯುವ ಬಾಯಿಗೆ ವೆಲ್ಕ್ರೋ ಹಾಕಬೇಕೆಂದಿದ್ದೆ, ಇಷ್ಟು ಉದ್ದ ರೋಮದ ಬಳಿ ಅದು ನಡೆಯುತ್ತದೆಯೇ? ಕವರ್ ಎಷ್ಟು ಎತ್ತರವಿದ್ದರೆ ಕಾಲಿನ ವೇಷದೊಂದಿಗೆ ಸೇರಿಕೊಳ್ಳುತ್ತದೆ?

ಉತ್ತರ 4 (ಸೂಜಿದಾರ):

ವೆಲ್ಕ್ರೋ ಬೇಡ. ಅದರ ಕೊಕ್ಕೆಯಿರುವ ಬದಿ ಪ್ರತಿ ಸಲ ತೆರೆದಾಗಲೂ ರೋಮವನ್ನು ಹಿಡಿದೆಳೆಯುತ್ತದೆ. ಕೆಲವೇ ಬಳಕೆಯಲ್ಲಿ ಆ ಜಾಗ ಗಂಟುಗಂಟಾಗಿ, ಕೊಕ್ಕೆಗಳಲ್ಲೂ ಎಳೆ ತುಂಬಿ ಹಿಡಿತ ತಪ್ಪುತ್ತದೆ. ಬದಲಿಗೆ ದಪ್ಪ ಹಲ್ಲಿನ ಪ್ಲಾಸ್ಟಿಕ್ ಜಿಪ್ಪನ್ನು ಬಳಸಿ, ಅದನ್ನು ಫರ್‌ಗೆ ಹೊಲಿಯದೆ ಒಳಕವಚದ ಹತ್ತಿ ಬಟ್ಟೆಗೆ ಹೊಲಿಯಿರಿ. ಫರ್‌ನ ಎರಡು ಅಂಚುಗಳು ಜಿಪ್ಪಿನ ಮೇಲೆ ಬಂದು ಒಂದನ್ನೊಂದು ಮುಟ್ಟುವಷ್ಟು ಚಾಚಿಕೊಂಡಿರಲಿ. ಆ ಅಂಚುಗಳ ಒಳಮೈಯಲ್ಲಿ ಒಂದು ಬೆರಳಗಲ ತೆಳು ಬಟ್ಟೆಯ ಪಟ್ಟಿಯನ್ನು ಮಡಚಿ ಹೊಲಿದರೆ ರೋಮ ಹಲ್ಲಿಗೆ ಸಿಕ್ಕುವುದಿಲ್ಲ. ಜಿಪ್ ಕೆಳಗಿನಿಂದ ಮೇಲಕ್ಕೆ ಮುಚ್ಚುವಂತಿರಬೇಕು. ಕೈಗವಸು ಹಾಕಿದ ಮೇಲೂ ಎಳೆಯಲು ಸಿಗುವಂತೆ ಅದರ ಎಳೆಗುಂಡಿಗೆ ಒಂದು ಗಟ್ಟಿ ದಾರದ ಕುಣಿಕೆ ಕಟ್ಟಿ.

ಎತ್ತರ ಕಣಕಾಲಿನ ಮೇಲೆ 15 ಸೆಂ.ಮೀ.ನಷ್ಟಿರಲಿ. ಕಾಲಿನ ಫರ್ ಕವರ್‌ನ ಹೊರಗೆ ಇಳಿಬೀಳಬೇಕು, ಕವರ್‌ನೊಳಗೆ ಸೇರಿಸಿಕೊಳ್ಳಬಾರದು. ರೋಮ ಕೆಳಮುಖವಾಗಿರುವುದರಿಂದ ಹೊರಗಿನ ಪದರ ಒಳಗಿನದನ್ನು ತಾನಾಗಿ ಮುಚ್ಚುತ್ತದೆ, ಕುಳಿತಾಗ ಬಟ್ಟೆ ಮೇಲಕ್ಕೆ ಸರಿದರೂ ಶೂ ಕಾಣುವುದಿಲ್ಲ. ಫರ್ ಕತ್ತರಿಸುವ ಮೊದಲು ಒಳಕವಚವನ್ನು ಶೂವಿನ ಮೇಲೆ ತೊಟ್ಟು, ತಲೆಯನ್ನೂ ಹಾಕಿಕೊಂಡು, ಜೊತೆಗೆ ಒಬ್ಬರನ್ನು ನಿಲ್ಲಿಸಿಕೊಂಡು ಮೆಟ್ಟಿಲು ಹತ್ತಿ ಇಳಿದು ನೋಡಿ. ಎಲಾಸ್ಟಿಕ್ ಬಿಗಿ ಮಾಡುವುದಿದ್ದರೂ ಬೆರಳಿನ ಫೋಮ್ ಇನ್ನಷ್ಟು ಕತ್ತರಿಸುವುದಿದ್ದರೂ ಆ ಹಂತದಲ್ಲೇ ಮಾಡಿಬಿಡಬಹುದು.