‘ತಾಪಸಂವೇದಿ ಪೊರೆ’ಯೋ, ‘ತಾಪಸ್ಪಂದಿ ಪೊರೆ’ಯೋ?

ಮಾನ್ಯರೆ,

ತಾಪಕ್ಕೆ ತಕ್ಕಂತೆ ರಂಧ್ರಗಳ ಅಳತೆಯನ್ನು ಬದಲಿಸಿಕೊಂಡು ಅಣುಗಳ ಹರಿವನ್ನು ಹೆಚ್ಚಿಸುವ ಅಥವಾ ತಗ್ಗಿಸುವ ಪೊರೆಗಳನ್ನು ಕುರಿತು ಲೇಖನವೊಂದನ್ನು ಬರೆಯುತ್ತಿದ್ದೇನೆ. ಇವನ್ನು ‘ತಾಪಸಂವೇದಿ’ ಎಂದು ಕರೆಯಲು ನನಗೆ ಮನಸ್ಸು ಒಪ್ಪುತ್ತಿಲ್ಲ. ತಾಪಮಾಪಕವೂ ತಾಪವನ್ನು ಅರಿಯುತ್ತದೆ, ಆದರೆ ಅದು ಏನನ್ನೂ ತಡೆಯುವುದಿಲ್ಲ, ಬಿಡುವುದೂ ಇಲ್ಲ. ಈ ಪೊರೆ ತಾಪದ ಜೊತೆಗೆ ತಾನೂ ಬದಲಾಗುವುದರಿಂದ ‘ತಾಪಸ್ಪಂದಿ’ ಎಂಬುದೇ ಹೆಚ್ಚು ಹೊಂದುತ್ತದೆ. ತಾಪವೆಂಬುದು ಬಿಸಿಯ ಮಟ್ಟದ ಹೆಸರು, ಉಷ್ಣವೆಂಬುದು ಶಕ್ತಿಯ ಹೆಸರಾದ್ದರಿಂದ ‘ಉಷ್ಣಸ್ಪಂದಿ’ಯನ್ನು ಕೈಬಿಟ್ಟಿದ್ದೇನೆ.

ಹೆಚ್ಚು ತೊಡಕಿರುವುದು ಹರಿವಿನ ನಿಯಂತ್ರಣವನ್ನು ಹೇಳುವ ಮಾತಿನಲ್ಲಿ. ಇಂಥ ಪೊರೆಗಳಲ್ಲಿ ಬಹಳವಾಗಿ ಬಳಕೆಯಾಗುವ ಪಾಲಿಮರ್ ಪಾಲಿ-ಎನ್-ಐಸೊಪ್ರೊಪೈಲ್ ಅಕ್ರಿಲಮೈಡ್. ನೀರಿನಲ್ಲಿ ಸುಮಾರು 32 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಅದರ ಎಳೆಗಳು, ಎಂದರೆ ಸರಪಳಿಯಂಥ ಉದ್ದನೆಯ ಅಣುಗಳು, ನೀರಿನ ಅಣುಗಳೊಡನೆ ಹೈಡ್ರೋಜನ್ ಬಂಧ ಬೆಳೆಸಿ ಉಬ್ಬಿ ಚಾಚಿಕೊಂಡಿರುತ್ತವೆ. ಆ ಮಟ್ಟ ದಾಟಿದೊಡನೆ ನೀರನ್ನು ಬಿಟ್ಟುಕೊಟ್ಟು ಮುದುಡುತ್ತವೆ. ಎಳೆಗಳನ್ನು ರಂಧ್ರದ ಒಳಗೋಡೆಗೆ ಕಸಿ ಮಾಡಿದ್ದರೆ ತಂಪಿನಲ್ಲಿ ದಾರಿ ಕಿರಿದಾಗುತ್ತದೆ, ಬಿಸಿಯಲ್ಲಿ ಅಗಲವಾಗುತ್ತದೆ. ರಂಧ್ರದ ವ್ಯಾಸ ಅರ್ಧಕ್ಕಿಳಿದರೆ ಅದೇ ಒತ್ತಡದಲ್ಲಿ ಹರಿಯುವ ದ್ರವ ಹದಿನಾರರಲ್ಲಿ ಒಂದು ಪಾಲಿಗೆ ಇಳಿಯುವುದರಿಂದ, ಎಳೆಗಳ ಇಷ್ಟು ಸಣ್ಣ ಚಲನೆಯೂ ಹರಿವನ್ನು ಆಳಬಲ್ಲದು. ಆದರೆ ಪೊರೆ ಇಡಿಯಾಗಿ ಅದೇ ಪಾಲಿಮರ್‌ನ ಜೆಲ್ ಆಗಿದ್ದರೆ ಸಂಗತಿ ತಿರುವುಮುರುವಾಗುತ್ತದೆ: ಬಿಸಿಗೆ ಜೆಲ್ ಕುಗ್ಗಿ, ಅದರ ಜಾಲದ ಕಣ್ಣುಗಳು ಇಕ್ಕಟ್ಟಾಗಿ, ಅಣುಗಳು ದಾಟುವುದೇ ಕಷ್ಟವಾಗುತ್ತದೆ. ಹೀಗಾಗಿ ‘ಬಿಸಿಗೆ ತೆರೆಯುವ ಪೊರೆ’ ಎಂಬ ವಿವರಣೆ, ಕಿವಿಗೆ ಎಷ್ಟೇ ಹಿತವಾಗಿದ್ದರೂ, ಎರಡನೆಯ ಬಗೆಗೆ ಸಲ್ಲುವುದಿಲ್ಲ.

ಯಾವಾಗ ತೆರೆಯುತ್ತದೆ, ಯಾವಾಗ ಮುಚ್ಚುತ್ತದೆ ಎಂಬುದನ್ನು ಮೊದಲೇ ಹೇಳಿಬಿಡದ ಪದ ಬೇಕಾಗಿದೆ. ‘ಕವಾಟ’ವೆಂದರೆ ಹೃದಯದ ಕವಾಟದಂತೆ ಹಿಮ್ಮುಖ ಹರಿವನ್ನು ತಡೆಯುವಂಥದ್ದು ನೆನಪಿಗೆ ಬರುತ್ತದೆ, ಇಲ್ಲಿ ಅಣುಗಳು ಎರಡೂ ಕಡೆಗೆ ದಾಟಬಲ್ಲವು, ದಾಟುವ ಪ್ರಮಾಣವಷ್ಟೇ ಬದಲಾಗುತ್ತದೆ. ಬೇಕಾದಷ್ಟನ್ನೇ ಬಿಡುವ ಕೆರೆಯ ‘ತೂಬು’ ನನಗೆ ಇದಕ್ಕಿಂತ ಹತ್ತಿರವಾಗಿ ತೋರುತ್ತದೆ. ‘ತಾಪತೂಬು’ ಎಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದವನ್ನು ಬೆಸೆದ ಅರಿಸಮಾಸವಾಗುತ್ತದೆಂಬ ಆಕ್ಷೇಪ ನ್ಯಾಯವಾದದ್ದೇ. ಬಿಡಿಸಿ ‘ತಾಪದ ತೂಬು’ ಎಂದರೆ ಆ ತೊಡಕಿಲ್ಲ. ವಿಜ್ಞಾನ ಬರಹದಲ್ಲಿ ತೂಬನ್ನು ಈ ಅರ್ಥದಲ್ಲಿ ಯಾರಾದರೂ ಬಳಸಿದ್ದಾರೆಯೆ, ಬಳಸಿದರೆ ಓದುಗರ ಕಣ್ಣಿಗೆ ಕೆರೆಯೇ ಕಟ್ಟಿ ಅಣುಗಳು ಮರೆಯಾದಾವೆ ಎಂಬುದನ್ನು ಬಲ್ಲವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.